ಬೆನ್ನಿಗೆ ಸೂಜಿಯೋ, ಪೂರ್ತಿ ನಿದ್ದೆಯೋ

ನಲವತ್ತಕ್ಕೇ ನಿವೃತ್ತಳಾದೆ ಎಂದರೆ ಜನ ಎರಡು ಊಹೆ ಮಾಡುತ್ತಾರೆ. ಒಂದೋ ಇವಳು ಷೇರಿನಲ್ಲಿ ದುಡ್ಡು ಮಾಡಿರಬೇಕು, ಇಲ್ಲವೇ ಯಾರನ್ನೋ ಮಲಗಿಸಿದವಳು ಮತ್ತೆ ಎಬ್ಬಿಸಲಾಗದೆ ಮನೆಗೆ ಬಂದಿರಬೇಕು. ಎರಡೂ ಅಲ್ಲ. ನನ್ನ ಎಡಗಿವಿ ಕೈಕೊಟ್ಟಿತು. ರೋಗಿಯ ಬೆರಳಿಗೆ ಸಿಕ್ಕಿಸುವ ಕ್ಲಿಪ್ಪಿನಿಂದ ಬರುವ ಸದ್ದು, ರಕ್ತದಲ್ಲಿ ಆಮ್ಲಜನಕ ಇಳಿದ ಹಾಗೆಲ್ಲ ತನ್ನ ಶ್ರುತಿ ಇಳಿಸುತ್ತದೆ. ಪರದೆಯ ಮೇಲಿನ ಅಂಕಿ ನೋಡುವ ಮೊದಲೇ ಅರಿವಳಿಕೆ ವೈದ್ಯರ ಕಿವಿಗೆ ಅದು ಗೊತ್ತಾಗಬೇಕು. ನನಗೆ ತಡವಾಗಿ ಗೊತ್ತಾಗತೊಡಗಿತು. ಬಿಟ್ಟೆ. ಇದರಲ್ಲಿ ತ್ಯಾಗ, ದುರಂತ ಎಂಥದೂ ಇಲ್ಲ.

ಈಗ ಈ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವ ನಮ್ಮ ಕಡೆಯ ಹುಡುಗ ಹುಡುಗಿಯರು ಫೋನ್ ಮಾಡುತ್ತಾರೆ. "ಆಂಟಿ, ಹಿಪ್ ರಿಪ್ಲೇಸ್‌ಮೆಂಟಿಗೆ ಸ್ಪೈನಲ್ ಒಳ್ಳೇದಾ, ಜನರಲ್ ಒಳ್ಳೇದಾ? ಒಂದೇ ಮಾತಲ್ಲಿ ಹೇಳಿ." ನಲವತ್ತಕ್ಕೆ ನನ್ನನ್ನು ಆಂಟಿ ಎನ್ನುವುದರ ನ್ಯಾಯವನ್ನು ಬೇರೊಂದು ದಿನ ಚರ್ಚಿಸೋಣ. ಸೊಂಟದ ಕೀಲು ಬದಲಿಸುವಾಗ ಎರಡು ದಾರಿ ಇವೆ ಎಂಬುದು ಅವರಿಗೂ ಗೊತ್ತು. ಬೆನ್ನಿಗೆ ಸಣ್ಣ ಸೂಜಿಯಿಂದ ಔಷಧಿ ಕೊಟ್ಟು ಸೊಂಟದಿಂದ ಕೆಳಗೆ ಮರಗಟ್ಟಿಸಬಹುದು. ರೋಗಿ ಎಚ್ಚರವಾಗಿಯೋ ಮಂಪರಿನಲ್ಲೋ ಇರುತ್ತಾನೆ. ಇಲ್ಲವೆ ಪೂರ್ತಿ ನಿದ್ದೆ ಮಾಡಿಸಿ ಗಂಟಲೊಳಗೆ ನಳಿಕೆ ಇಳಿಸಿ, ಉಸಿರಾಟವನ್ನು ಯಂತ್ರಕ್ಕೆ ವಹಿಸಬಹುದು. ಯಾವುದು ಮೇಲು ಎಂದು ನನ್ನ ಕಾಲದಲ್ಲಿ ದೊಡ್ಡವರೇ ಕಿತ್ತಾಡುತ್ತಿದ್ದರು. ನಾನು ಎರಡೂ ಪಕ್ಷದ ಪ್ರಬಂಧಗಳನ್ನು ಓದಿ ಎರಡರಲ್ಲೂ ತೂತು ಹುಡುಕಿದ್ದೇನೆ. ಒಂದೇ ಮಾತಿನ ಉತ್ತರ ಇಲ್ಲ. ಬೇಕಾದರೆ ಒಂದು ಕಥೆ ಇದೆ.

ಮೈಸೂರಿನಲ್ಲಿ ಎಂಬಿಬಿಎಸ್ ಓದುವಾಗ ನಾನು ಕಾಲೇಜಿನ ಚರ್ಚಾಸ್ಪರ್ಧೆಯ ತಂಡದಲ್ಲಿದ್ದೆ. ಪರವೋ ವಿರೋಧವೋ ಎಂದು ಚೀಟಿ ಎತ್ತಬೇಕು. ಯಾವ ಪಕ್ಷ ಬಂದರೂ ಅದನ್ನೇ ಹುಟ್ಟಿನಿಂದ ನಂಬಿದವಳ ಹಾಗೆ ವಾದಿಸಬೇಕು. ಪರ್ಯಾಯ ಪಾರಿತೋಷಕ ಮೂರು ವರ್ಷ ನಮ್ಮ ಕಾಲೇಜಿನಲ್ಲೇ ಉಳಿಯಿತು. ಅದರಿಂದ ನನಗೆ ಎರಡು ಅಭ್ಯಾಸ ಅಂಟಿಕೊಂಡವು: ಯಾರ ಮಾತನ್ನೂ ಸುಮ್ಮನೆ ನಂಬದಿರುವುದು, ಎದುರಿನವರು ಬಾಯಿ ಮುಚ್ಚಿದ ಕೂಡಲೇ ಗೆದ್ದೆ ಎಂದುಕೊಳ್ಳುವುದು. ಮೊದಲನೆಯದು ಈ ಕೆಲಸಕ್ಕೆ ಬಹಳ ಉಪಯೋಗ. ಎರಡನೆಯದರ ಬಗ್ಗೆಯೇ ಈ ಬರಹ.

ತೊಂಬತ್ತರ ದಶಕದ ಕೊನೆಯಲ್ಲಿ ಡೆಟ್ರಾಯಿಟ್‌ಗೆ ತರಬೇತಿಗೆ ಬಂದೆ. ನಮ್ಮ ಹಿರಿಯರು ಡಾ. ಕೊವಾಲ್ಸ್ಕಿ. ಅಜ್ಜ ಪೋಲೆಂಡಿನಿಂದ ಬಂದವನು, ಅಪ್ಪ ಕಾರ್ ಕಾರ್ಖಾನೆಯಲ್ಲಿ ದುಡಿದವನು; ಇವರು ಮಾತ್ರ ಜನರನ್ನು ಮಲಗಿಸುವ ಕೆಲಸಕ್ಕೆ ಬಂದಿದ್ದರು. ಎಲ್ಲಿ ಹೋದರೂ ಕೈಯಲ್ಲಿ ಚಕ್ರದ ಸ್ಟೂಲೊಂದನ್ನು ಎಳೆದುಕೊಂಡೇ ಹೋಗುತ್ತಿದ್ದರು. ಆಸ್ಪತ್ರೆಯಲ್ಲಿ ಸ್ಟೂಲಿಗೇನು ಬರವಿರಲಿಲ್ಲ. ಆದರೂ ತಮ್ಮದೇ ಬೇಕು.

ಅಲ್ಲಿ ನನಗೆ ಸಿಕ್ಕ ಮೊದಲ ಸೊಂಟದ ಕೇಸು ಮಿಸ್ಟರ್ ಲೂಯಿಸ್ ಎಂಬ ನಿವೃತ್ತ ಕಾರ್ಮಿಕ. ಕಾರಿನ ತಗಡು ಒತ್ತುವ ವಿಭಾಗದಲ್ಲಿ ಜೀವಮಾನವಿಡೀ ದುಡಿದವನು. ಹಿಂದಿನ ದಿನ ಅವನ ಹಾಸಿಗೆಯ ಬಳಿ ನಿಂತು, ಪೂರ್ತಿ ನಿದ್ದೆಯ ಪರವಾಗಿ ಸೊಗಸಾಗಿ ವಾದ ಮಂಡಿಸಿದೆ. ಅವನು ನಡುವೆ ಒಂದೇ ಪ್ರಶ್ನೆ ಕೇಳಿದ: "ಬೆನ್ನಿಗೆ ಕೊಟ್ಟರೆ, ಹೊಸ ಕೀಲು ಕೂರಿಸುವ ಸುತ್ತಿಗೆ ಸದ್ದು ನನಗೆ ಕೇಳುತ್ತದೆಯೇ?" ಪಾಪ, ಹೆದರಿದ್ದಾನೆ ಎಂದುಕೊಂಡೆ. "ಅದಕ್ಕೇ ಪೂರ್ತಿ ನಿದ್ದೆ. ಏನೂ ಕೇಳಿಸುವುದಿಲ್ಲ," ಎಂದೆ. ಅವನು ಸರಿ ಎಂದು ತಲೆಯಾಡಿಸಿದ.

ಬಾಗಿಲಲ್ಲಿ ಕೊವಾಲ್ಸ್ಕಿ ನಿಂತಿದ್ದರು. ಸ್ಟೂಲು ನನ್ನ ಕಡೆ ಉರುಳಿಸಿ ಹೇಳಿದರು, "ಕುಳಿತುಕೋ. ನಿಂತವರಿಗೆ ಜನ ಒಪ್ಪಿಗೆ ಮಾತ್ರ ಕೊಡುತ್ತಾರೆ, ಮನಸ್ಸಿನ ಮಾತು ಹೇಳುವುದಿಲ್ಲ." ಕುಳಿತೆ. ಅವರು ಲೂಯಿಸ್ ಕಡೆ ತಿರುಗಿ, "ಸದ್ದು ಕೇಳುತ್ತದೆಯೇ ಅಂದೆಯಲ್ಲ, ಯಾಕೆ ಕೇಳಿದೆ?" ಎಂದರು.

ಲೂಯಿಸ್ ಮುಖ ಅರಳಿತು. "ಮೂವತ್ತು ವರ್ಷ ಬಡಿಯುವ ಕೆಲಸ ಮಾಡಿದ್ದೇನೆ ಡಾಕ್ಟರ್. ನನ್ನೊಳಗೇ ಒಬ್ಬ ಬಡಿಯುತ್ತಾನೆ ಅಂದರೆ, ಕೇಳಿಸಿಕೊಳ್ಳದೆ ಬಿಡಲೇ?"

ಬೆನ್ನಿಗೇ ಕೊಟ್ಟೆವು. ಆ ಶಸ್ತ್ರಚಿಕಿತ್ಸೆಯ ಉದ್ದಕ್ಕೂ ಅಡ್ಡ ಪರದೆಯ ಈಚೆಯಿಂದ ಲೂಯಿಸ್ ಸರ್ಜನ್ನನಿಗೆ ಶಹಬ್ಬಾಸ್ ಹೇಳುತ್ತಲೇ ಇದ್ದ. "ಲಯ ಚೆನ್ನಾಗಿದೆ ಮಗಾ. ಹಳೇ ದಿನ ಆಗಿದ್ದರೆ ನನ್ನ ಲೈನಿನಲ್ಲಿ ನಿನಗೆ ಕೆಲಸ ಕೊಡಿಸುತ್ತಿದ್ದೆ." ಸರ್ಜನ್ ನನ್ನತ್ತ ನೋಡಿ, ಇವನಿಗೆ ಇನ್ನಷ್ಟು ಮಂಪರು ಕೊಡಬಾರದೇ ಎಂದು ಕಣ್ಣಿನಲ್ಲೇ ಬೇಡಿದ. ಕೊವಾಲ್ಸ್ಕಿ ತಲೆ ಅಲ್ಲಾಡಿಸಿದರು: ಬೇಡ.

ಇದರಿಂದ ನಾನು ಪಾಠ ಕಲಿತೆ ಎಂದು ನೀವು ಭಾವಿಸಬಹುದು. ಕಲಿತದ್ದು ಅರ್ಧ. ಅಂದಿನಿಂದ ಸ್ಟೂಲಿನ ಮೇಲೆ ಕುಳಿತು ವಾದಿಸತೊಡಗಿದೆ.

ಆ ವರ್ಷಗಳಲ್ಲಿ ನಮ್ಮ ಪದ್ಧತಿಗಳೂ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ನಾನು ಬಂದಾಗ ನೋವು ತಡೆಯಲು ಬೆನ್ನಿನಲ್ಲಿ ಸಣ್ಣ ಕೊಳವೆ ಬಿಟ್ಟು ಎರಡು ಮೂರು ದಿನ ಔಷಧಿ ಹರಿಸುತ್ತಿದ್ದರು. ಆಮೇಲೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೊಸ ಚುಚ್ಚುಮದ್ದುಗಳು ಬಂದವು. ಕೊಳವೆ ಇರುವ ಬೆನ್ನಿನಲ್ಲಿ ರಕ್ತ ಸೋರಿದರೆ ಗತಿ ಏನೆಂದು ಎಲ್ಲರೂ ಹೆದರಿದರು. ಕೊಳವೆ ಹೋಯಿತು, ಒಂದೇ ಸಲದ ಸೂಜಿ ಉಳಿಯಿತು. ನಾನು ಬಿಡುವ ಹೊತ್ತಿಗೆ ಹುಡುಗರು ಅಲ್ಟ್ರಾಸೌಂಡ್ ನೋಡಿಕೊಂಡು ನರ ಹುಡುಕುತ್ತಿದ್ದರು. ನಾವು ಬೆರಳಲ್ಲಿ ತಡವಿ ಹುಡುಕುತ್ತಿದ್ದೆವು ಎಂದರೆ, ಸೌದೆ ಒಲೆಯ ಕಾಲದವಳನ್ನು ನೋಡುವ ಹಾಗೆ ನೋಡುತ್ತಿದ್ದರು.

ತರಬೇತಿ ಮುಗಿಸಿ ಶಿಕಾಗೋ ಕಡೆಗೆ ಬಂದೆ. ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿ ಮನೆ, ಅರ್ಧ ಗಂಟೆ ಡ್ರೈವ್ ಮಾಡಿದರೆ ಆಸ್ಪತ್ರೆ. ಅಲ್ಲಿ ನನ್ನ ದೊಡ್ಡ ಪ್ರತಿಪಕ್ಷ ಎಂದರೆ ನಮ್ಮವರೇ. ಲೆಮಾಂಟ್ ದೇವಸ್ಥಾನದ ಕ್ಯಾಂಟೀನಿನಲ್ಲಿ ಇಡ್ಲಿ ತಟ್ಟೆ ಹಿಡಿದು ಕುಳಿತರೆ ಸಾಕು, ಒಬ್ಬರಲ್ಲ ಒಬ್ಬರು ಆಂಟಿ ಶುರು ಮಾಡುತ್ತಿದ್ದರು.

"ಸಿಸೇರಿಯನ್ನಿಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ರು ನೋಡಿ, ಅವತ್ತಿಂದ ಇವತ್ತಿನ ತನಕ ಬೆನ್ನುನೋವು."

"ಆಂಟಿ, ನಿಮ್ಮ ಮಗಂಗೆ ಮೂವತ್ತು ವರ್ಷ. ಆ ಇಂಜೆಕ್ಷನ್ ಅದೇ ದಿನ ಸಂಜೆಗೇ ಇಳಿದುಹೋಗಿರತ್ತೆ. ಮಗು ಎತ್ತಿ, ಬಟ್ಟೆ ಒಗೆದು, ಮೂವತ್ತು ವರ್ಷ ಬಗ್ಗಿ ಎದ್ದಿದ್ದಕ್ಕೆ ನೋಯಲ್ವಾ?"

"ಅದೆಲ್ಲಾ ನಿಜಾನಮ್ಮ. ಆದ್ರೆ ನೋವು ಶುರುವಾಗಿದ್ದು ಇಂಜೆಕ್ಷನ್ನಿಂದಾನೇ."

ದೇವರನ್ನು ನಂಬದ ನಾನು ದೇವಸ್ಥಾನಕ್ಕೆ ಹೋಗುತ್ತಿದ್ದುದು ಇಡ್ಲಿಗೆ ಮತ್ತು ಇಂಥ ವಾದಗಳಿಗೆ. ಎರಡೂ ಬಿಸಿಯಾಗಿರುತ್ತಿದ್ದವು.

ಹುಸೇನ್ ಅಂಕಲ್ ಪರಿಚಯವಾದದ್ದೂ ವಾದದಿಂದಲೇ. ಗ್ಲೆಂಡೇಲ್ ಹೈಟ್ಸ್‌ನಲ್ಲಿ ಅವರದೊಂದು ದಿನಸಿ ಅಂಗಡಿ. ಊರು ರಾಣೆಬೆನ್ನೂರು. ಜೋಳದ ರೊಟ್ಟಿ, ಗುರೆಳ್ಳು ಚಟ್ನಿಪುಡಿ ಎಲ್ಲ ಅವರ ಹೆಂಡತಿ ಜೈನಬ್ ಆಂಟಿ ಮಾಡಿ ಪ್ಯಾಕೆಟ್ ಕಟ್ಟಿ ಇಡುತ್ತಿದ್ದರು. ಮೊದಲ ಸಲ ಹೋದಾಗ ಒಣಮೆಣಸಿನಕಾಯಿ ಪ್ಯಾಕೆಟ್ ಎತ್ತಿ, "ಇದು ಬ್ಯಾಡಗಿ ಅಲ್ಲ ಅಂಕಲ್. ಬ್ಯಾಡಗಿ ಆದ್ರೆ ಮೈಯೆಲ್ಲಾ ಸುಕ್ಕು ಇರ್ಬೇಕು," ಎಂದೆ.

ಅಂಕಲ್ ಕನ್ನಡಕ ಏರಿಸಿ ನೋಡಿದರು. "ಮೈಸೂರಾಕಿ ಬಂದು ನನಗ ಬ್ಯಾಡಗಿ ಮೆಣಸಿನಕಾಯಿ ಕಲಸಾಕತ್ತಾಳ. ನಮ್ಮೂರಿಂದ ಬ್ಯಾಡಗಿ ಎಷ್ಟು ದೂರ ಐತಿ ಗೊತ್ತೇನು? ಸೈಕಲ್ ಮ್ಯಾಲೆ ಹೋಗ್ತಿದ್ವಿ."

"ಸೈಕಲ್ ಮೇಲೆ ಹೋಗಿದ್ದಕ್ಕೂ ಇದು ಬ್ಯಾಡಗಿ ಆಗೋದಕ್ಕೂ ಏನು ಸಂಬಂಧ?"

ಅವರು ಎದ್ದು ಹಿಂದಿನ ಕೋಣೆಗೆ ಹೋಗಿ, ಮೈಯೆಲ್ಲ ಸುಕ್ಕಾದ ಕಡುಗೆಂಪು ಮೆಣಸಿನಕಾಯಿಯ ಚೀಲ ತಂದು ನನ್ನ ಮುಂದಿಟ್ಟರು. "ತಿಳಿದವರಿಗೆ ಅಂತ ಒಳಗ ಇಟ್ಟೀನಿ. ತಗೋ ಮಗಳ."

ಅಂದಿನಿಂದ ಪ್ರತಿ ಶನಿವಾರ ಹೋಗುತ್ತಿದ್ದೆ, ಪ್ರತಿ ಶನಿವಾರ ಜಗಳ. ದೇವರಿದ್ದಾನೆಯೇ ಎಂಬುದರಿಂದ ಹಿಡಿದು ಶಿಕಾಗೋ ಚಳಿ ಹೆಚ್ಚೋ ಡೆಟ್ರಾಯಿಟ್ ಚಳಿ ಹೆಚ್ಚೋ ಎಂಬುದರವರೆಗೆ. ಸೋಲುವ ಹಂತಕ್ಕೆ ಬಂದರೆ ಅಂಕಲ್ ಚಾ ತರಿಸುತ್ತಿದ್ದರು. ಚಾ ಬಂತೆಂದರೆ ಆ ವಾರದ ಕಲಾಪ ಮುಗಿಯಿತು ಎಂದರ್ಥ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿರಬೇಕು. ಅಂಕಲ್ ಕುಂಟತೊಡಗಿದರು. ಮೊದಮೊದಲು ಕೌಂಟರ್ ಹಿಡಿದು ನಡೆದರು. ಆಮೇಲೆ ಅಕ್ಕಿ ಚೀಲಗಳ ಮೇಲೆ ಕುಳಿತೇ ವ್ಯಾಪಾರ. ನಮಾಜಿಗೆ ಕುರ್ಚಿ ಬಂತು. ಹಿಂದಿನ ಕೋಣೆಗೆ ಹೋಗುವುದು ನಿಂತೇ ಹೋಯಿತು. ಎಕ್ಸ್‌ರೇಯಲ್ಲಿ ಬಲ ಸೊಂಟದ ಕೀಲು ಪೂರ್ತಿ ಸವೆದಿತ್ತು. ಬದಲಿಸಬೇಕು ಎಂದು ನಮ್ಮ ಆಸ್ಪತ್ರೆಯ ಸರ್ಜನ್ ಹೇಳಿದ ದಿನವೇ ಅಂಕಲ್ ಅಂಗಡಿಗೆ ಬಂದವರಿಗೆಲ್ಲ ಸಾರಿದರು: "ನನಗೇನ್ ಹೆದರಿಕಿ? ಮಲಗಸಾಕಿ ನಮ್ಮ ಮಗಳ ಅದಾಳ."

ತೊಡಕು ಇದ್ದದ್ದು ಅವರ ಎದೆಯಲ್ಲಿ. ಚಿಕ್ಕ ವಯಸ್ಸಿನಿಂದ ಬೀಡಿ ಸೇದಿ ಶ್ವಾಸಕೋಶ ಹಾಳಾಗಿತ್ತು. ಸೇದುವುದು ಬಿಟ್ಟು ವರ್ಷಗಳಾಗಿದ್ದರೂ ಎರಡು ಮಾತಿಗೊಮ್ಮೆ ಉಸಿರು ತೆಗೆಯಬೇಕು. ಪೂರ್ತಿ ನಿದ್ದೆ ಮಾಡಿಸಿ ಯಂತ್ರಕ್ಕೆ ಹಾಕಿದರೆ, ಆ ಯಂತ್ರದಿಂದ ಬಿಡಿಸಿ ತರುವುದು ಕಷ್ಟವಾಗಬಹುದಿತ್ತು. ಬೆನ್ನಿಗೆ ಸೂಜಿಯೇ ಸರಿ, ಮಂಪರಿನ ಔಷಧಿಯನ್ನೂ ಹೆಚ್ಚು ಕೊಡುವಂತಿಲ್ಲ. ಹೆಚ್ಚುಕಡಿಮೆ ಎಚ್ಚರವಾಗಿಯೇ ಇರಬೇಕು. ಇದನ್ನು ಆಸ್ಪತ್ರೆಯ ಕೋಣೆಯಲ್ಲಿ ಅಂಕಲ್, ಆಂಟಿ, ಮಗಳು ಸನಾ ಮೂವರಿಗೂ ಬಿಡಿಸಿ ಹೇಳಿದೆ, ಸ್ಟೂಲಿನ ಮೇಲೆ ಕುಳಿತೇ. ಸೂಜಿ ಹಾಕುವಾಗ ಹೇಗೆ ಕೂರಬೇಕು, ಗೌನ್ ಹಿಂದಿನಿಂದ ಹೇಗೆ ಬಿಚ್ಚುತ್ತೇವೆ, ಮೂತ್ರದ ನಳಿಕೆ, ಮಗ್ಗುಲಾಗಿ ಮಲಗಿಸುವುದು, ಎಲ್ಲ.

ಅಂಕಲ್ ಪೂರ್ತಿ ಕೇಳಿದರು. "ನನಗ ಪೂರಾ ನಿದ್ದಿ ಮಾಡಸು," ಎಂದರು.

"ಅಬ್ಬಾ ಈಸ್ ಜಸ್ಟ್ ಬೀಯಿಂಗ್ ಡಿಫಿಕಲ್ಟ್," ಎಂದಳು ಸನಾ, ಅಪ್ಪನದು ಬರೀ ಹಟ ಎನ್ನುವ ಹಾಗೆ.

ನಾನು ತೋಳು ಮಡಿಚಿದೆ. ಒಳ್ಳೆಯ ವಿಷಯ, ಒಳ್ಳೆಯ ಎದುರಾಳಿ.

ಆ ಶನಿವಾರ ಅವರ ಮೊದಲ ವಾದ: ಬೆನ್ನಿಗೆ ಸೂಜಿ ಹಾಕಿದರೆ ಸಾಯುವ ತನಕ ಬೆನ್ನುನೋವು. ಲೆಮಾಂಟ್ ಕ್ಯಾಂಟೀನಿನಲ್ಲಿ ಪಳಗಿದ್ದ ನನಗೆ ಇದು ಎರಡು ನಿಮಿಷದ ಕೆಲಸ. ಅಂಕಲ್ ಒಪ್ಪಿದರು. ಮುಂದಿನ ಶನಿವಾರ ಹೊಸ ವಾದ: "ಗರಗಸದ ಸಪ್ಪಳ ಕೇಳಿದ್ರ ನನ್ನ ಎದಿ ನಿಲ್ತೈತಿ." ಕಿವಿಗೆ ಹೆಡ್‌ಫೋನ್ ಹಾಕಿ ಬೇಕಾದ ಹಾಡು ಹಾಕುತ್ತೇವೆ ಎಂದೆ. ಒಪ್ಪಿದರು. ಅದರ ಮುಂದಿನ ವಾರ: "ಕಾಲು ಮರಗಟ್ಟಿದ್ದು ಹಂಗ ಉಳಿದುಬಿಟ್ರ?" ಇಳಿಯುತ್ತದೆ ಎಂದು ಎಳೆ ಎಳೆಯಾಗಿ ಬಿಡಿಸಿ ಹೇಳಿದೆ. ಅದನ್ನೂ ಒಪ್ಪಿದರು.

"ಹಂಗಾದ್ರೆ ಬೆನ್ನಿಗೇ ತಾನೇ ಅಂಕಲ್?"

"ಹಂಗಲ್ಲ ಮಗಳ. ಪೂರಾ ನಿದ್ದಿನ ಮಾಡಸು."

ಪ್ರತಿಯೊಂದು ವಾದದಲ್ಲೂ ನಾನೇ ಗೆಲ್ಲುತ್ತಿದ್ದೆ, ತೀರ್ಪು ಮಾತ್ರ ಪ್ರತಿಸಲವೂ ನನ್ನ ವಿರುದ್ಧ. ಚರ್ಚಾಸ್ಪರ್ಧೆಯಲ್ಲಿ ಹೀಗಾಗುವುದಿಲ್ಲ. ಒಂದು ಕಾರಣ ಬಿದ್ದೊಡನೆ ಇನ್ನೊಂದು ಎದ್ದು ನಿಂತರೆ, ನಿಜವಾದ ಕಾರಣ ಇನ್ನೂ ಮನೆಯೊಳಗೇ ಕುಳಿತಿದೆ ಎಂದರ್ಥ. ಇದು ಈಗ ಹೊಳೆಯುವ ಮಾತು. ಆಗ ನಾನು ಮುಂದಿನ ಶನಿವಾರಕ್ಕೆ ತಯಾರಿ ನಡೆಸಿದ್ದೆ.

ಅಷ್ಟರಲ್ಲಿ ಸರ್ಜನ್ ನನ್ನನ್ನು ತಡೆದು ನಿಲ್ಲಿಸಿದ. "ಪೂರ್ತಿ ನಿದ್ದೆಯಾದರೆ ಆ ಶ್ವಾಸಕೋಶ ನಂಬಿ ನಾನು ಕೈ ಹಾಕುವುದಿಲ್ಲ. ಮುಂದಿನ ವಾರದೊಳಗೆ ಬೆನ್ನಿಗೆ ಒಪ್ಪದಿದ್ದರೆ ಅವರ ಸರದಿ ಬೇರೆಯವರಿಗೆ." ನೇರವಾಗಿ ಅಂಗಡಿಗೆ ಹೋಗಿ ಹೇಳಿದೆ. ಅಂಕಲ್ ಅಕ್ಕಿ ಚೀಲದ ಮೇಲೆ ಕುಳಿತಿದ್ದರು. ಉಸಿರು ತೆಗೆದು, "ಕೊಡ್ಲಿ ಬಿಡು," ಎಂದರು. "ಇಷ್ಟು ದಿನ ಹಿಂಗ ಕುಂತೀನಿ. ಇನ್ನೂ ಕುಂದರ್ತೀನಿ."

"ಅಂದ್ರೆ ನಡೆಯೋದು ಬೇಡ್ವಾ ನಿಮಗೆ?"

ಅವರು ಲೆಕ್ಕದ ಪುಸ್ತಕ ಎತ್ತಿಕೊಂಡರು. ಚಾ ಸಹ ತರಿಸಲಿಲ್ಲ.

ಒಳಗೆ ಹೋದೆ. ಹಿಂದಿನ ಕೋಣೆಯಲ್ಲಿ ಜೈನಬ್ ಆಂಟಿ ರೊಟ್ಟಿ ಎಣಿಸಿ ಪ್ಯಾಕೆಟ್ಟಿಗೆ ತುಂಬುತ್ತಿದ್ದರು. "ಆಂಟಿ, ನೀವಾದ್ರೂ ಹೇಳಿ. ಇದು ಹಟ ಅಲ್ವಾ? ಒಂದು ಕಾರಣಾನೂ ನಿಲ್ತಾ ಇಲ್ಲ."

"ನೀ ಕೂಡ್ರು ಮೊದಲ." ಬೇಳೆಯ ಚೀಲ ತೋರಿಸಿದರು. ಕುಳಿತೆ. ಡೆಟ್ರಾಯಿಟ್ ಬಿಟ್ಟು ಬಂದ ಮೇಲೆ, ಕೂರಲು ಹೇಳಿಸಿಕೊಂಡು ಕುಳಿತದ್ದು ಅದೇ ಮೊದಲು.

"ಸೂಜಿ ಹಾಕೂ ಮುಂದ ಗೌನ್ ಬಿಚ್ಚತೀವಿ, ಮೂತ್ರದ ನಳಿಗಿ ಹಾಕತೀವಿ, ಎಚ್ಚರ ಇರಬೇಕು ಅಂದಿಯಲ್ಲ? ಆ ಹೊತ್ತಿನ್ಯಾಗ ಅಲ್ಲಿ ಯಾರ್ ನಿಂತಿರ್ತಾರ?"

"ನಾನು. ನರ್ಸುಗಳು."

"ನೀನು," ಎಂದರು ಆಂಟಿ. "ಯಾವ ಅಪ್ಪ ಮಗಳ ಮುಂದ ಅರಿವಿ ಬಿಚ್ಚಿಸಿಕೊಂಡು ಕಣ್ಣ ತಕ್ಕೊಂಡು ಕುಂದರ್ತಾನ? ನಿದ್ದಿಯೊಳಗ ಏನರ ಆಗಲಿ, ಅದು ಅವರಿಗೆ ಗೊತ್ತಾಗೂದಿಲ್ಲ."

"ನರ್ಸುಗಳೂ ಹೆಂಗಸರೇ ಅಲ್ವಾ ಆಂಟಿ?"

"ಅವರು ಯಾರೋ. ಶನಿವಾರ ಅಂಗಡಿಗೆ ಬಂದು ಜಗಳಾ ಮಾಡೂದಿಲ್ಲ."

ನನ್ನಲ್ಲಿ ಉತ್ತರ ಇತ್ತು. ಮೇಲೆ ಹೊದಿಕೆ ಇರುತ್ತದೆ. ನಮ್ಮ ಕಣ್ಣಿಗೆ ಅದು ಬರೀ ಚರ್ಮ. ದಿನಕ್ಕೆ ಎಷ್ಟೋ ಜನರನ್ನು ನೋಡುತ್ತೇವೆ. ಅದನ್ನೆಲ್ಲ ಬಿಟ್ಟು ಕೇಳಬೇಕಾದದ್ದನ್ನು ಕೇಳಿದೆ: "ಹಾಗಿದ್ರೆ ಬೇರೆ ಡಾಕ್ಟರ್ ಬೇಕು ಅಂತ ಒಂದು ಮಾತು ಹೇಳಬಹುದಿತ್ತಲ್ಲ?"

"ಹೆಂಗ ಹೇಳ್ತಾರ? ಊರಿಗೆಲ್ಲಾ ನಮ್ಮ ಮಗಳ ಮಲಗಸ್ತಾಳ ಅಂತ ಹೇಳಿಟ್ಟಾರ. ಈಗ ನೀ ಬ್ಯಾಡ ಅಂದ್ರ ನಿನ್ನ ಮನಸಿಗೆ ಏನ್ ಅನಸ್ತೈತಿ ಅಂತ ಮನ್ಯಾಗ ಒಂದ ಸಮ ಅದನ್ನ ಮಾತಾಡಾಕತ್ತಾರ. ನೀ ನೊಂದುಕೋತಿ ಅಂತ."

ಯಾವುದೇ ವಾದಕ್ಕೆ ಇದಕ್ಕಿಂತ ದೊಡ್ಡ ಬೆಲೆ ಕೊಡಲು ಸಿದ್ಧನಾದ ಎದುರಾಳಿಯನ್ನು ನಾನು ಕಂಡಿಲ್ಲ. ನನ್ನ ಮನಸ್ಸು ನೋಯಬಾರದೆಂದು ಮೊದಲು ತಮ್ಮ ಉಸಿರನ್ನೇ ಪಣಕ್ಕೆ ಇಡಲು ಹೊರಟಿದ್ದರು. ಅದು ಸಾಗದಿದ್ದಾಗ ಕಾಲನ್ನೇ ಬಿಟ್ಟುಕೊಡಲು. ನಾನು ಅದಕ್ಕೆ ಹೆಡ್‌ಫೋನ್ ಕೊಡುತ್ತೇನೆ ಎಂದಿದ್ದೆ.

ಇನ್ನೊಂದು ಮಾತು ಆಂಟಿ ಸೇರಿಸಿದರು. "ನಾ ಹೇಳೀನಿ ಅಂತ ಗೊತ್ತಾಗಬಾರದು."

ಈಗ ನೀವೇ ಯೋಚಿಸಿ. ನಾನು ಹಿಂದೆ ಸರಿಯಬೇಕು, ಅವರು ನನ್ನನ್ನು ಸರಿಸಿದ ಹಾಗೆ ಕಾಣಬಾರದು, ಕಾರಣ ನನಗೆ ಗೊತ್ತು ಎಂಬುದು ಅವರಿಗೆ ಗೊತ್ತಾಗಬಾರದು. ಸುಳ್ಳು ಹೇಳಬಹುದಿತ್ತು. ಆದರೆ ಆ ದಿನ ಊರಲ್ಲಿ ಇರುವುದಿಲ್ಲ ಎಂದರೆ ಅಂಕಲ್ ನೀ ಬರೂತನಕ ಕಾಯ್ತೀನಿ ಎನ್ನುತ್ತಿದ್ದರು. ಬೇಳೆ ಚೀಲದ ಮೇಲೆ ಕುಳಿತೇ ಬಹಳ ಹೊತ್ತು ಯೋಚಿಸಿದೆ. ಕೊನೆಗೆ ಸಿಕ್ಕ ವಾದ ಎಷ್ಟು ಸರಳವಾಗಿತ್ತೆಂದರೆ, ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಹೊರಗೆ ಬಂದು ಅಂಕಲ್ ಪಕ್ಕದ ಅಕ್ಕಿ ಚೀಲದ ಮೇಲೆ ಕುಳಿತೆ.

"ಅಂಕಲ್, ಒಂದು ತೊಂದರೆ ಇದೆ. ನಿಮ್ಮ ಕೇಸು ನಾನು ಮಾಡೋ ಹಾಗಿಲ್ಲ."

ಅವರು ಥಟ್ಟನೆ ತಿರುಗಿದರು. "ಯಾಕ?"

"ನಮ್ಮ ಕೆಲಸದಲ್ಲಿ ಸ್ವಂತ ಮನೆಯವರಿಗೆ ನಾವೇ ಅನಸ್ತೇಶಿಯಾ ಕೊಡಬಾರದು. ಕೈ ನಡುಗತ್ತೆ, ಬುದ್ಧಿ ಓಡಲ್ಲ. ಅಪ್ಪ ಅಮ್ಮ ಗಂಡ ಮಕ್ಕಳಿಗೆ ಯಾರೂ ಕೊಡಲ್ಲ."

"ನೀ ನಮ್ಮ ಮನೀಕಿ ಹೆಂಗ ಆದಿ? ನೀ ಮೈಸೂರಾಕಿ."

"ಮಗಳು ಅಂತ ಊರಿಗೆಲ್ಲಾ ಹೇಳ್ಕೊಂಡು ಬಂದಿರೋರು ಯಾರು? ಈಗ ಅಲ್ಲ ಅಂತೀರಾ?"

ಅಂಕಲ್ ನನ್ನನ್ನೇ ನೋಡಿದರು. ಒಳಗಿನ ಕೋಣೆಯ ಬಾಗಿಲ ಕಡೆ ಒಮ್ಮೆ ನೋಡಿದರು. ಅಲ್ಲಿ ರೊಟ್ಟಿ ಎಣಿಸುವ ಸದ್ದು ನಿಂತಿತ್ತು. ಈ ಮಾತಿಗೆ ಅವರು ಇಲ್ಲವೆನ್ನುವಂತಿರಲಿಲ್ಲ. ಇಲ್ಲ ಎಂದರೆ ನಾನು ಮಗಳಲ್ಲ.

"ಮತ್ತ ಯಾರ್ ಕೊಡ್ತಾರ?"

"ಡೆನಿಸ್ ಅಂತ ನಮ್ಮ ಸೀನಿಯರ್. ಗಂಡಸು. ಐವತ್ತೈದು ವರ್ಷ. ನನಗಿಂತ ಚೆನ್ನಾಗಿ ಸೂಜಿ ಹಾಕ್ತಾನೆ. ಇದನ್ನ ಅವನಿಗೆ ಹೇಳ್ಬೇಡಿ."

ಅಂಕಲ್ ಉಸಿರು ಎಳೆದು ಬಿಟ್ಟರು. ಅಷ್ಟು ದೀರ್ಘವಾದ ಉಸಿರು ಅವರ ಎದೆಯಲ್ಲಿದೆ ಎಂದು ನಾನು ಅಂದುಕೊಂಡಿರಲಿಲ್ಲ. "ಹಂಗಾದ್ರ," ಎಂದರು, "ಬೆನ್ನಿಗೆ ಕೊಡ್ಲಿ."

ಆಮೇಲೆ ಒಳಗೆ ಕೂಗಿ ಚಾ ತರಲು ಹೇಳಿದರು.

ಡೆನಿಸ್‌ಗೆ ಎಲ್ಲ ತಿಳಿಸಿದೆ. ಅವನು ನರ್ಸುಗಳ ಜಾಗದಲ್ಲೂ ಆದಷ್ಟು ಗಂಡಸರನ್ನೇ ಹಾಕಿಕೊಂಡ. ಹೊದಿಕೆ ಬೇಕಾದಷ್ಟೇ ಸರಿಸುವಂತೆ ತಾನೇ ನಿಂತು ನೋಡಿಕೊಂಡ. ಶಸ್ತ್ರಚಿಕಿತ್ಸೆಯ ದಿನ ನಾನು ಪಕ್ಕದ ಕೋಣೆಯಲ್ಲಿ ಬೇರೆ ಯಾರದೋ ಪಿತ್ತಕೋಶದ ಕೇಸಿನಲ್ಲಿದ್ದೆ. ಗೋಡೆಯಾಚೆ ಸುತ್ತಿಗೆಯ ಸದ್ದು ಕೇಳುತ್ತಿತ್ತು. ಲಯ ಚೆನ್ನಾಗಿದೆಯೇ ಎಂದು ಲೂಯಿಸ್‌ನನ್ನು ಕೇಳಬೇಕೆನ್ನಿಸಿತು. ಮನೆಯವರಿಗೆ ನಾವೇ ಕೊಡಬಾರದು ಎಂಬ ನಿಯಮ ಯಾಕಿದೆ ಎಂದು ಅಂದು ಅರ್ಥವಾಯಿತು. ಗೋಡೆಯ ಈಚೆಯೇ, ನನ್ನ ಪರದೆಯ ಅಂಕಿಗಳನ್ನು ಎರಡೆರಡು ಸಲ ಓದಬೇಕಾಯಿತು.

ಮುಗಿಸಿ ಬಂದ ಡೆನಿಸ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಉಸಿರಾಟ ಚೆನ್ನಾಗಿಯೇ ಇತ್ತು. ಒಂದು ಕೇಳಬೇಕು. ಹೆಡ್‌ಫೋನ್ ಹಾಕಲು ಬಿಡಲಿಲ್ಲ. ಉದ್ದಕ್ಕೂ ನನ್ನ ಜೊತೆ ಏನೋ ಮಾತಾಡುತ್ತಲೇ ಇದ್ದರು. ನಾನು ಏನು ಹೇಳಿದರೂ 'ಹಂಗಲ್ಲ' ಅನ್ನುತ್ತಿದ್ದರು. ಹಾಗೆಂದರೇನು?"

"ನೀನು ಅವರಿಗೆ ಹಿಡಿಸಿದ್ದೀಯ ಅಂತ," ಎಂದೆ.

ಚೇತರಿಕೆಯ ಕೋಣೆಗೆ ನಾನು ಹೋದದ್ದು ಆಂಟಿ ಒಳಗೆ ಹೋಗಿ, ಹೊದಿಕೆ ಎದೆಯ ತನಕ ಎಳೆದು, ತಲೆಗೆ ಅವರ ಟೋಪಿ ಇಟ್ಟು, ಬಾ ಎಂದು ಕೈ ಮಾಡಿದ ಮೇಲೆಯೇ.

ಎರಡು ತಿಂಗಳ ಮೇಲೆ ಒಂದು ಶನಿವಾರ ಅಂಗಡಿಗೆ ಹೋದೆ. ಅಕ್ಕಿ ಚೀಲದ ಮೇಲೆ ಯಾರೂ ಇರಲಿಲ್ಲ. ಅಂಕಲ್ ಕೌಂಟರಿನ ಹಿಂದೆ ನಿಂತಿದ್ದರು. ನನ್ನನ್ನು ನೋಡಿ, ಕೋಲಿಲ್ಲದೆ, ಸ್ವಲ್ಪ ನಿಧಾನವಾಗಿ, ಹಿಂದಿನ ಕೋಣೆಗೆ ನಡೆದು ಹೋದರು. ಬರುವಾಗ ಕೈಯಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಚೀಲ. ಅದನ್ನು ನನ್ನ ಮುಂದಿಟ್ಟು, ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು ನಿಂತರು.

"ಕಾಲು ಭೇಷ್ ಐತಿ," ಎಂದರು. "ಆದ್ರ ಬೆನ್ನು ನೋಯಾಕತ್ತೈತಿ. ಅವತ್ತ ನಾ ಹೇಳಿರಲಿಲ್ಲೇನು?"

ನನ್ನ ಬಳಿ ಉತ್ತರಗಳಿದ್ದವು. ಇಷ್ಟು ದಿನ ಬಾಗಿ ಕುಂಟಿದವರು ಈಗ ನೆಟ್ಟಗೆ ನಿಂತಿದ್ದೀರಿ, ಬೆನ್ನಿನ ಸ್ನಾಯುಗಳು ಹೊಸ ನಡಿಗೆ ಕಲಿಯುತ್ತಿವೆ, ಅಕ್ಕಿ ಚೀಲದ ಮೇಲೆ ಎಷ್ಟು ಕಾಲ ಕುಳಿತಿದ್ದಿರಿ ನೆನಪಿದೆಯೇ ಎಂದು ಒಂದೊಂದಾಗಿ ಸಾಲುಗಟ್ಟಿ ನಿಂತಿದ್ದವು. ಕೋಣೆಯ ಬಾಗಿಲಲ್ಲಿ ಜೈನಬ್ ಆಂಟಿ ಕೈಯಲ್ಲಿ ರೊಟ್ಟಿ ಹಿಡಿದು ನನ್ನನ್ನೇ ನೋಡುತ್ತಿದ್ದರು.

"ಹೇಳಿದ್ರಿ ಅಂಕಲ್," ಎಂದೆ. "ನಾನೇ ಸೋತೆ. ಚಾ ತರಿಸಿ."